ಎರಡನೆಯ ಸಲ ಕೇಳಲಿಲ್ಲ

ಹೋದ ತಿಂಗಳು ಜರ್ಮನಿಯ ಎಷ್‌ಬಾರ್ನ್‌ನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ, ಬೆಂಗಳೂರಿನಿಂದ ಬಂದು ಇನ್ನೂ ಎರಡು ವಾರವಾಗದ ಹುಡುಗಿಯೊಬ್ಬಳು ನನ್ನೆದುರು ಕೂತು ಡಬ್ಬಿ ತೆರೆದಳು. ಬಿಳಿ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರಿ, ಚೀಸ್ ಇಟ್ಟು, ಮೇಲೆ ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ ಉದುರಿಸಿದ ಸ್ಯಾಂಡ್‌ವಿಚ್. ಪಾಪ, ಅಡುಗೆ ಬರುವುದಿಲ್ಲವಂತೆ, ಇನ್ನೂ ಸಾಮಾನೂ ಬಂದಿಲ್ಲವಂತೆ. "ಸಂಧ್ಯಾ, ಒಂದು ತಗೊಳ್ಳಿ" ಎಂದಳು. ಬೇಡ ಎಂದೆ. "ಅಯ್ಯೋ, ಒಂದು ತಗೊಳ್ಳಿ ಪರ್ವಾಗಿಲ್ಲ, ಜಾಸ್ತಿ ಇದೆ" ಎಂದು ಡಬ್ಬಿಯನ್ನೇ ನನ್ನ ಕಡೆಗೆ ನೂಕಿದಳು. ಬೆಣ್ಣೆ, ಹಸಿ ಈರುಳ್ಳಿ ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ ಎದ್ದು ಹೋಗಿ ಕಾರಿಡಾರಿನ ಕಿಟಕಿಯ ಹತ್ತಿರ ನಿಂತುಬಿಟ್ಟೆ. ಮುಖ ಬಿಸಿಯಾಗಿತ್ತು. ಆರು ವರ್ಷ ಕಳೆದರೂ ಆ ನಾಚಿಕೆ ಮುಖಕ್ಕೆ ಬರುವುದನ್ನು ಬಿಟ್ಟಿಲ್ಲ.

ಆರು ವರ್ಷದ ಹಿಂದೆ ನಾನು ಎರ್ಲಾಂಗೆನ್‌ನಲ್ಲಿದ್ದೆ. ಇದ್ದದ್ದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಒಂದೇ ಒಂದು ಚಳಿಗಾಲ. ಅದಕ್ಕೆ ಮೊದಲು ಮ್ಯೂನಿಕ್ ಹತ್ತಿರದ ಉಂಟರ್‌ಫ್ಯೋರಿಂಗ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಹಾಗಾಗಿ ಜರ್ಮನಿ ನನಗೆ ಅಂಗೈಯ ಗೆರೆಯಷ್ಟು ಗೊತ್ತು ಎಂಬ ಜಂಭ. ಹೊಸದಾಗಿ ಬಂದ ನಮ್ಮ ಹುಡುಗರಿಗೆ ಪಾಠ ಬೇರೆ ಹೇಳುತ್ತಿದ್ದೆ. ಇಲ್ಲಿ ಟೆರ್ಮಿನ್, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಸಮಯ, ಇಲ್ಲದೆ ಯಾರ ಮನೆಗೂ ಹೋಗಬಾರದು, ನೈನ್ ಅಂದರೆ ನೈನ್, ಬೇಡ ಅಂದರೆ ಬೇಡವೇ, ಉಪಚಾರ ಗಿಪಚಾರ ಎಲ್ಲ ಏರ್‌ಪೋರ್ಟಿನಲ್ಲೇ ಬಿಟ್ಟು ಬನ್ನಿ ಅಂತ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಹುಟ್ಟಿದ ಜರ್ಮನರಿಗಿಂತ ಒಂದು ಕೈ ಮೇಲಿತ್ತು ನನ್ನ ಜರ್ಮನ್‌ತನ. ನನ್ನ ಮ್ಯಾನೇಜರ್ ಒಮ್ಮೆ, ನೀನು ಉಳಿದ ಭಾರತೀಯರ ಹಾಗಲ್ಲ, ನೇರವಾಗಿ ಮಾತಾಡುತ್ತೀಯ ಎಂದಾಗ ಆ ಮಾತನ್ನು ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದ್ದೆ.

ಎರ್ಲಾಂಗೆನ್‌ನ ಮನೆ ಮೂರನೆಯ ಮಹಡಿಯಲ್ಲಿತ್ತು. ಮಹಡಿಗೆ ಎರಡೇ ಬಾಗಿಲು. ಎದುರು ಬಾಗಿಲಿನಲ್ಲಿ ಡೆಕ್ಲನ್ ಎಂಬ ಐರಿಶ್ ಮನುಷ್ಯ ಒಬ್ಬರೇ ಇದ್ದರು. ವಯಸ್ಸು ಐವತ್ತೆಂಟು. ಯಂತ್ರಗಳ ಜೊತೆ ಬರುತ್ತದಲ್ಲ ದಪ್ಪ ಪುಸ್ತಕ, ಹೇಗೆ ಜೋಡಿಸಬೇಕು, ಏನು ಮಾಡಬಾರದು ಅಂತ, ಅದನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ಮಾಡುವುದು ಅವರ ಕೆಲಸ. ಜರ್ಮನಿಗೆ ಬಂದು ಮೂವತ್ತು ವರ್ಷ. ಹೆಂಡತಿ ಇದ್ದವಳು ಬೇರೆಯಾಗಿ ಬಹಳ ಕಾಲವಾಗಿತ್ತು.

ಅವರ ಅಡುಗೆಮನೆಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಆ ಕಡೆಯಿಂದ ಒಂದು ಗಂಡು ದನಿ ಏರಿಳಿತವಿಲ್ಲದೆ ಏನೋ ಓದುವುದು ಕೇಳುತ್ತಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಅದನ್ನು ಕೇಳಿ ಕೇಳಿ, ಯಾವುದೋ ಪ್ರಾರ್ಥನೆ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿದೆ. ಅವರು ನಕ್ಕುಬಿಟ್ಟರು.

"ನಮ್ಮೂರ ರೇಡಿಯೊ. ಸತ್ತವರ ಹೆಸರು ಓದುತ್ತಾರೆ. ಯಾರು, ಯಾವ ಊರು, ದೇಹ ಎಲ್ಲಿಟ್ಟಿದ್ದಾರೆ, ಮಣ್ಣು ಎಷ್ಟು ಗಂಟೆಗೆ, ಎಲ್ಲ. ಇಂಟರ್‌ನೆಟ್‌ನಲ್ಲಿ ಬರುತ್ತೆ."

"ಅದನ್ನ ಪ್ರತಿದಿನ ಕೇಳ್ತೀರಾ?"

"ಕೇಳದೆ? ಯಾರು ಹೋದರು ಅಂತ ಗೊತ್ತಾಗಬೇಕಲ್ಲ."

ಮೈಸೂರಿನಲ್ಲಿ ನಮ್ಮಮ್ಮ ಪೇಪರನ್ನು ಹಿಂದಿನಿಂದ ಓದಲು ಶುರುಮಾಡುತ್ತಾಳೆ, ನಿಧನದ ಪುಟ ಮುಗಿಸದೆ ಕಾಫಿ ಲೋಟ ಕೆಳಗಿಡುವುದಿಲ್ಲ ಎಂದು ನಾನು ಹೇಳಿದೆ. ಅವರ ಮುಖ ಅರಳಿತು. "ಹಾಗಾದರೆ ನಿನಗೆ ವಿವರಿಸಬೇಕಾಗಿಲ್ಲ. ಒಳಗೆ ಬಾ, ಟೀ ಕುಡಿ" ಎಂದರು.

ಬೇಡ, ಥ್ಯಾಂಕ್ಸ್ ಎಂದೆ. ಒಂದೇ ಒಂದು ಕಪ್ಪು ಎಂದರು. ಈಗ ತಾನೇ ಕುಡಿದೆ ಎಂದೆ. ಈಗ ತಾನೇ ಕುಡಿದವರಿಗೆ ಇನ್ನೊಂದು ಕಪ್ಪಿನಿಂದ ಏನೂ ಆಗುವುದಿಲ್ಲ ಎನ್ನುತ್ತ ಬಾಗಿಲು ಪೂರ್ತಿ ತೆಗೆದರು. ಒಳಗೆ ಹೋದೆ. ತಗಡಿನ ಡಬ್ಬಿಯಲ್ಲಿ ಊರಿನಿಂದ ತರಿಸಿದ ಟೀ ಚೀಲಗಳು. ಚಮಚ ನಿಲ್ಲುವಷ್ಟು ಗಟ್ಟಿ ಡಿಕಾಕ್ಷನ್, ಅದಕ್ಕೆ ಹಾಲು. ಜರ್ಮನಿಗೆ ಬಂದ ಮೇಲೆ ಬೇರೆಯವರ ಮನೆಯಲ್ಲಿ ಕುಡಿದ ಮೊದಲ ಒಳ್ಳೆಯ ಟೀ ಅದು.

"ಊರು ಬಿಟ್ಟವರಿಗೆ ಏನು ಬೇಕು ಅನ್ನಿಸುತ್ತೆ ಅಂತ ಇಲ್ಲಿಯವರು ನನ್ನನ್ನ ಕೇಳ್ತಾರೆ" ಎಂದರು ಡೆಕ್ಲನ್. "ಸಮುದ್ರ ಅಂತೀನಿ, ಉಪ್ಪು ಹಾಕಿದ ಬೆಣ್ಣೆ ಅಂತೀನಿ. ಅದು ಸುಳ್ಳಲ್ಲ. ಬಸ್ಸಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳೋದು ಅಂತಲೂ ಹೇಳಬಹುದು. ಆದರೆ ನಿಜವಾಗಿ ಬೇಕು ಅನ್ನಿಸೋದು ಇದು, ಮೂರು ಸಲ ಕೇಳಿಸಿಕೊಳ್ಳೋದು. ಇಲ್ಲಿಗೆ ಬಂದ ಮೊದಲನೇ ವರ್ಷ ನಾನು ಹಸಿದುಕೊಂಡೇ ಇದ್ದೆ. ಯಾರದೋ ಮನೆಗೆ ಹೋಗೋದು, ಇನ್ನೊಂದು ಸ್ವಲ್ಪ ಹಾಕಲಾ ಅಂತ ಕೇಳ್ತಾರೆ, ಬೇಡ ಬೇಡ ಅಂತೀನಿ. ಅಷ್ಟೇ. ಪಾತ್ರೆ ಒಳಗೆ ಹೋಗಿಬಿಡುತ್ತೆ."

ನಾನು ಹೊಟ್ಟೆ ಹಿಡಿದು ನಕ್ಕೆ. ನಮ್ಮಲ್ಲಿ ಎಲೆಯ ಮೇಲೆ ಎರಡು ಕೈ ಅಡ್ಡ ಇಟ್ಟರೂ ಬೆರಳ ಸಂದಿಯಿಂದ ಅನ್ನ ಬೀಳುತ್ತದೆ, ಮೊದಲ 'ಬೇಡ' ಲೆಕ್ಕಕ್ಕಿಲ್ಲ, ಎರಡನೆಯದು ಬರಿಯ ಮರ್ಯಾದೆಗೆ, ಮೂರನೆಯದನ್ನು ಮಾತ್ರ ನಂಬಬೇಕು ಎಂದೆ. ಈ ಮಾತು ನನ್ನ ಬಾಯಿಂದಲೇ ಬಂದಿದ್ದು. ಅದನ್ನು ಇಲ್ಲಿ ಬರೆದಿಡಬೇಕು.

ಆಮೇಲೆ ಅದೊಂದು ರೂಢಿಯಾಯಿತು. ನವೆಂಬರಿನಲ್ಲಿ ರೆಗ್ನಿಟ್ಸ್ ಹೊಳೆಯ ಕಡೆಯಿಂದ ಮಂಜು ಬಂದು ಊರನ್ನು ಮುಚ್ಚುತ್ತಿತ್ತು. ಸೈಕಲ್ ತುಳಿದುಕೊಂಡು ಮನೆಗೆ ಬಂದರೆ ಕೈ ಬೆರಳು ನನ್ನದೋ ಬೇರೆಯವರದೋ ಎನ್ನುವ ಹಾಗಾಗಿರುತ್ತಿತ್ತು. ಶನಿವಾರ ಅವರ ಮನೆಯ ಟೀ, ನಮ್ಮ ಮನೆಯ ಉಪ್ಪಿಟ್ಟು. ಒಮ್ಮೆ ಅಮ್ಮ ವಿಡಿಯೊ ಕಾಲ್‌ನಲ್ಲಿದ್ದಾಗ ಅವರು ಬಂದರು. ಅಮ್ಮನಿಗೂ ಅವರಿಗೂ ಇಂಗ್ಲಿಷೇ ನಡುವೆ ಇದ್ದರೂ ಇಬ್ಬರೂ ತಮ್ಮ ತಮ್ಮ ಇಂಗ್ಲಿಷನ್ನೇ ಮಾತಾಡಿದರು. ಕೊನೆಗೆ ಅಮ್ಮ ನನಗೆ, "ಒಳ್ಳೆ ಮನುಷ್ಯ ಕಣೇ, ಮನೆ ಕಡೆ ವಿಚಾರ್ಸ್‌ಕೋತಿರು" ಎಂದಳು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಳಾದವಳು. ವಿಚಾರಿಸಿಕೊಳ್ಳುವುದೇ ಅವಳ ಉಸಿರು.

ಡೆಕ್ಲನ್ ಊರಿನ ಸಾವುಗಳ ಕತೆಯನ್ನು ಎಷ್ಟು ಚಂದ ಹೇಳುತ್ತಿದ್ದರೆಂದರೆ ಯಾರಾದರೂ ಕೇಳಿದರೆ ಹಬ್ಬದ ವಿಷಯ ಎಂದುಕೊಳ್ಳಬೇಕು. ಅಲ್ಲಿ ಯಾರಾದರೂ ಹೋದರೆ ದೇಹವನ್ನು ಮನೆಯಲ್ಲೇ ಇಡುತ್ತಾರಂತೆ, ಬಾಗಿಲು ತೆರೆದೇ ಇರುತ್ತದಂತೆ. ಯಾರೂ ಯಾರನ್ನೂ ಕರೆಯುವುದಿಲ್ಲ. ಹೆಸರು ರೇಡಿಯೊದಲ್ಲಿ ಬಂದರೆ ಅದೇ ಕರೆ. ಅಕ್ಕಪಕ್ಕದವರು ಸ್ಯಾಂಡ್‌ವಿಚ್ ಮಾಡಿ ತರುತ್ತಾರೆ, ಯಾರೋ ಒಬ್ಬಳು ಟೀ ಜವಾಬ್ದಾರಿ ತೆಗೆದುಕೊಳ್ಳುತ್ತಾಳೆ.

"ಅಲ್ಲಿ ಹೋಗಿ ಏನು ಹೇಳೋದು? ನನಗಂತೂ ಸಾವಿನ ಮನೇಲಿ ಬಾಯೇ ಬರಲ್ಲ" ಎಂದಿದ್ದೆ ನಾನು.

"ಹೇಳೋಕೆ ಏನೂ ಇಲ್ಲ, ಅದೇ ಅದರ ಸುಖ. ಎಲ್ಲರೂ ಹೇಳೋದು ಒಂದೇ ಮಾತು. ಕೈ ಹಿಡಿದು, 'ನಿಮಗೆ ಬಂದ ಕಷ್ಟಕ್ಕೆ ಬೇಜಾರಾಯ್ತು' ಅನ್ನಬೇಕು. ಕೂರಬೇಕು. ಟೀ ಕೊಡ್ತಾರೆ, ಕುಡೀಬೇಕು. ಎದ್ದು ಬರಬೇಕು. ಸತ್ತವರ ಬಗ್ಗೆ ಗೊತ್ತಿರಲೇಬೇಕು ಅಂತಿಲ್ಲ."

ನಮ್ಮಲ್ಲೂ ಸಾವಿನ ಮನೆಗೆ ಕರೆಯದೆಯೇ ಹೋಗಬೇಕು, ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಮ್ಮ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗುತ್ತಾಳೆ ಎಂದು ನಾನು ಹೇಳಿದೆ. ಅಂಥದೇ ಒಂದು ಫ್ಲಾಸ್ಕನ್ನು ಅಮ್ಮ ನನ್ನ ಪೆಟ್ಟಿಗೆಯಲ್ಲೂ ತುರುಕಿದ್ದಳು. ಅದು ನನ್ನ ಅಡುಗೆಮನೆಯ ಕಪಾಟಿನ ಮೇಲೆ ಬೆಲೆಚೀಟಿಯ ಸಮೇತ ಕೂತಿತ್ತು.

ಜನವರಿ ಕೊನೆಗೆ ಡೆಕ್ಲನ್‌ಗೆ ಮಂಡಿಯ ಆಪರೇಷನ್ ಆಯಿತು. ಎರಡು ಊರುಗೋಲು ಹಿಡಿದು ಮನೆಗೆ ಬಂದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ, ಆರು ವಾರ ವಿಮಾನ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅವರ ಅಂಗಡಿ ಸಾಮಾನು ತಂದುಕೊಡುವ ಕೆಲಸ ನನ್ನದಾಯಿತು. ಅದನ್ನು ಖುಷಿಯಿಂದಲೇ ಮಾಡುತ್ತಿದ್ದೆ. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು ಬಾಗಿಲಲ್ಲಿಟ್ಟು ಬೆಲ್ ಒತ್ತುವುದು, ಅಷ್ಟೇ. ಆಫೀಸಿನಲ್ಲಿ ಅದನ್ನು ಒಂದೆರಡು ಸಲ ಹೇಳಿಕೊಂಡದ್ದೂ ಉಂಟು.

ಫೆಬ್ರವರಿಯ ಒಂದು ಗುರುವಾರ ಬೆಳಗ್ಗೆ ಗೋಡೆಯಾಚೆ ರೇಡಿಯೊ ಎಂದಿನಂತೆ ಶುರುವಾಯಿತು. ಎರಡೋ ಮೂರೋ ಹೆಸರು ಓದಿರಬೇಕು, ಥಟ್ಟನೆ ನಿಂತಿತು. ಅದನ್ನು ಅವರು ಎಂದೂ ಅರ್ಧಕ್ಕೆ ನಿಲ್ಲಿಸಿದವರಲ್ಲ. ಮಧ್ಯಾಹ್ನ ಕೆಳಗಿಳಿದಾಗ ಅಂಚೆಪೆಟ್ಟಿಗೆಗಳ ಪಕ್ಕದ ಹಲಗೆಯ ಮೇಲೆ ಹೊಸ ಕಾಗದವಿತ್ತು. ಜರ್ಮನ್‌ನಲ್ಲೂ ಇಂಗ್ಲಿಷಿನಲ್ಲೂ ನಾಲ್ಕು ಸಾಲು. ನನ್ನ ತಾಯಿ ನೋರಾ, ಎಂಬತ್ತೆಂಟು ವರ್ಷ, ಬುಧವಾರ ತೀರಿಕೊಂಡರು. ಶನಿವಾರ ಒಂದು ಗಂಟೆಗೆ ಅಂತ್ಯಕ್ರಿಯೆ, ಊರಿನ ಚರ್ಚಿನಿಂದ ನೇರಪ್ರಸಾರ. ಡೆಕ್ಲನ್, ಮೂರನೆಯ ಮಹಡಿ, ಎಡಬಾಗಿಲು. ಬನ್ನಿ ಎಂದು ಎಲ್ಲೂ ಇರಲಿಲ್ಲ. ಊರುಗೋಲಿನಲ್ಲಿ ಮೂರು ಮಹಡಿ ಇಳಿದು ಹತ್ತಿ ಅದನ್ನು ಅಂಟಿಸಿದ್ದರು.

ನಮ್ಮ ಕೆಳಮನೆಯ ಜರ್ಮನ್ ಹೆಂಗಸು ಫ್ರೌ ಕ್ರೌಸ್ ಅದನ್ನು ಓದಿ, ಕಪ್ಪು ಅಂಚಿನ ಕಾರ್ಡು ತಂದು, ಚಂದದ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಅವರ ಅಂಚೆಪೆಟ್ಟಿಗೆಗೆ ಹಾಕಿದಳು. ಅವಳ ಪದ್ಧತಿಯ ಪ್ರಕಾರ ಅವಳು ಸರಿಯಾದದ್ದನ್ನೇ ಮಾಡಿದಳು. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ಆ ಕಟ್ಟಡದಲ್ಲಿ ಹಲಗೆಯ ಮೇಲಿನ ಆ ನಾಲ್ಕು ಸಾಲಿನ ಅರ್ಥ ಗೊತ್ತಿದ್ದವಳು ನಾನೊಬ್ಬಳೇ.

ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಯ್ಯೋ ಪಾಪ, ಹೆತ್ತ ತಾಯಿ ಮುಖ ನೋಡಕ್ಕೂ ಹೋಗಕ್ಕಾಗ್ಲಿಲ್ವಾ" ಎಂದಳು. ಆಮೇಲೆ ತಕ್ಷಣ ಕೆಲಸಕ್ಕಿಳಿದಳು. "ಶನಿವಾರ ಬೇಗ ಹೋಗಿ ಕೂತ್ಕೋ. ಫ್ಲಾಸ್ಕಲ್ಲಿ ಕಾಫಿ ತಗೊಂಡ್ಹೋಗು. ಏನಾದ್ರೂ ಮಾಡ್ಕೊಂಡು ಹೋಗು, ಅವರು ಒಲೆ ಹಚ್ಚೋ ಹಾಗಾಗ್ಬಾರ್ದು. ಬಂದು ತಲೆಗೆ ಸ್ನಾನ ಮಾಡು." ಹೂಂ ಅಮ್ಮ ಎಂದೆ.

ಶುಕ್ರವಾರ ಅವರು ಸಾಮಾನಿನ ಚೀಟಿ ಕೊಟ್ಟರು. ಆ ಚೀಟಿ ಈಗಲೂ ನನಗೆ ಬಾಯಿಪಾಠವಾಗಿದೆ. ಮೂರು ಪ್ಯಾಕೆಟ್ ಬಿಳಿ ಟೋಸ್ಟ್ ಬ್ರೆಡ್, ಎರಡು ಬೆಣ್ಣೆ, ಹ್ಯಾಮ್, ಚೀಸ್, ಈರುಳ್ಳಿ, ಮೂರು ಲೀಟರ್ ಹಾಲು. ವಾರಕ್ಕೆ ಅರ್ಧ ಪ್ಯಾಕೆಟ್ ಬ್ರೆಡ್ ತಿನ್ನುವ ಮನುಷ್ಯ. ಸೂಪರ್‌ಮಾರ್ಕೆಟ್ಟಿನಲ್ಲಿ ಅದನ್ನೆಲ್ಲ ಬುಟ್ಟಿಗೆ ಹಾಕುವಾಗ ನನಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಹಾಲಿನ ಮೂರನೆಯ ಪ್ಯಾಕೆಟ್ ಎತ್ತಿಕೊಳ್ಳುವಾಗ, ಇವರು ಜನ ಬರುತ್ತಾರೆ ಎಂದುಕೊಂಡಿದ್ದಾರೆ ಎಂದು ಸ್ಪಷ್ಟವಾಗಿ ಹೊಳೆಯಿತು. ಯಾರೂ ಬರುವುದಿಲ್ಲ ಎಂಬುದೂ ಹೊಳೆಯಿತು.

ಬಾಗಿಲಲ್ಲಿ ಚೀಲ ಕೊಡುತ್ತ, "ನಾಳೆ ನಾನು ಬರಲಾ?" ಎಂದೆ.

"ಅಯ್ಯೋ, ಬೇಡ ಬೇಡ. ವಾರವೆಲ್ಲ ದುಡಿದಿರ್ತೀಯ. ನಿನ್ನ ಶನಿವಾರ ಹಾಳುಮಾಡಿಕೋಬೇಡ" ಎಂದರು.

"ಸರಿ ಹಾಗಾದ್ರೆ" ಎಂದೆ.

ಎಷ್ಟು ಬೇಗ ಅಂದೆನೆಂದರೆ ಅವರ ಮಾತಿನ ಕೊನೆಯ ತುದಿ ಇನ್ನೂ ಗಾಳಿಯಲ್ಲಿತ್ತು. ಅವರು ಬಾಗಿಲು ಹಾಕಲಿಲ್ಲ. ಒಂದು ಊರುಗೋಲಿನ ಮೇಲೆ ಭಾರ ಬಿಟ್ಟು, ಚೀಲ ಹಿಡಿದು ಹಾಗೇ ನಿಂತಿದ್ದರು. ನಾನು ಮಾತ್ರ ತಿರುಗಿ ನನ್ನ ಬಾಗಿಲಿಗೆ ಕೀ ಹಾಕಿದೆ. ನನ್ನ ಬೆನ್ನ ಹಿಂದೆ ಅವರ ಬಾಗಿಲು ಸ್ವಲ್ಪ ಹೊತ್ತು ತಡೆದು ಮುಚ್ಚಿತು.

ಅವರು ಬೇಡ ಎಂದದ್ದು ನಿಜವಾಗಿ ಬೇಡವೆಂದೇ ತಿಳಿದೆ ಎನ್ನಲು ನನಗೆ ಬಾಯಿಲ್ಲ. ನನ್ನದು ಜಾಣ ಕಿವುಡು. ಅದಕ್ಕೆ ಕಾರಣವೂ ದೊಡ್ಡದೇನಲ್ಲ. ಆ ವಾರ ಕೆಲಸ ಜಾಸ್ತಿಯಿತ್ತು, ಮೈ ದಣಿದಿತ್ತು. ಒಂದು ಸಣ್ಣ ಕೋಣೆಯಲ್ಲಿ ಅಳುವ ಗಂಡಸಿನ ಪಕ್ಕ ನಾನೊಬ್ಬಳೇ ಎರಡು ಗಂಟೆ ಕೂರುವುದು ನನಗೆ ಬೇಕಿರಲಿಲ್ಲ. ಅಷ್ಟರಲ್ಲಿ ಅವರ ಬಾಯಿಂದ 'ಬೇಡ' ಎಂಬ ಮಾತು ಸಿಕ್ಕಿತು. ಜರ್ಮನಿಯ ಕಾನೂನು ನನ್ನ ಪರವಾಗಿತ್ತು. ನೈನ್ ಅಂದರೆ ನೈನ್.

ಶನಿವಾರ ನಾನು ಮನೆಯಲ್ಲೇ ಇದ್ದೆ. ಎಲ್ಲಾದರೂ ಹೋಗಿದ್ದರೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲವೇನೋ. ಹನ್ನೆರಡು ಗಂಟೆಯಿಂದ ಗೋಡೆಯಾಚೆ ಕುರ್ಚಿ ಎಳೆಯುವ ಸದ್ದು. ಊರುಗೋಲಿನ ಟಕ್, ಕುರ್ಚಿಯ ಕಾಲು ನೆಲಕ್ಕೆ ಉಜ್ಜುವುದು, ಮತ್ತೆ ಟಕ್. ಕಪ್ಪುಗಳು ಒಂದಕ್ಕೊಂದು ತಾಗುವುದು. ಕೆಟಲ್ ಕುದಿದು ನಿಂತದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಕುದಿದದ್ದು. ಒಂದು ಗಂಟೆಗೆ ಚರ್ಚಿನ ಘಂಟೆ, ಆಮೇಲೆ ಹಾಡು. ಅವರ ಬೆಲ್ ಒಂದು ಸಲವೂ ಆಗಲಿಲ್ಲ. ನಾನು ಟಿವಿ ಹಾಕಲಿಲ್ಲ, ನಲ್ಲಿ ತಿರುಗಿಸಲಿಲ್ಲ, ಕಾಲುಚೀಲದಲ್ಲಿ ಬೆಕ್ಕಿನ ಹಾಗೆ ಓಡಾಡಿದೆ, ನಾನು ಮನೆಯಲ್ಲಿದ್ದೇನೆ ಎಂದು ಅವರಿಗೆ ತಿಳಿಯಬಾರದು ಅಂತ. ಒಂದು ಸಲ ಕಪಾಟಿನ ಮೇಲಿಂದ ಫ್ಲಾಸ್ಕ್ ಇಳಿಸಿದೆ. ತೊಳೆಯಬೇಕಿತ್ತು, ತೊಳೆದರೆ ಸದ್ದಾಗುತ್ತಿತ್ತು. ಮತ್ತೆ ಮೇಲಿಟ್ಟೆ. ನನ್ನ ಬಾಗಿಲಿನಿಂದ ಅವರ ಬಾಗಿಲಿಗೆ ಎಂಟು ಹೆಜ್ಜೆ ಕೂಡ ಇರಲಿಲ್ಲ. ಹೇಳಬೇಕಾದ ಮಾತು ಯಾವುದು ಎಂದು ಅವರೇ ಕಲಿಸಿಕೊಟ್ಟಿದ್ದರು.

ಮೂರು ಗಂಟೆಗೆ ಎಲ್ಲ ಸದ್ದೂ ನಿಂತಿತು. ಆಮೇಲೆ ಕುರ್ಚಿಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆದಿಟ್ಟರು. ಐದರವರೆಗೆ ಎಣಿಸಿದೆ, ಮುಂದೆ ಎಣಿಸಲಾಗಲಿಲ್ಲ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಬೆಲ್ ಆಯಿತು. ಡೆಕ್ಲನ್ ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಗಡ್ಡ ಹೆರೆದ ಮುಖ. ಊರುಗೋಲು ಹಿಡಿದ ಕೈಯಲ್ಲೇ ಬಟ್ಟೆ ಚೀಲವೊಂದು ನೇತಾಡುತ್ತಿತ್ತು.

"ಸ್ಯಾಂಡ್‌ವಿಚ್ ಸ್ವಲ್ಪ ಜಾಸ್ತಿ ಆಗಿಬಿಟ್ಟಿದೆ. ನೀನು ತಗೋ" ಎಂದರು.

ನಾನು ಅವರ ಕೈ ಹಿಡಿಯಬೇಕಿತ್ತು. ಚೀಲ ಹಿಡಿದೆ. "ನಾನು ನಿನ್ನೆ ಬರಬೇಕಿತ್ತು" ಎಂದೆ.

"ಏ, ಹಾಗೇನಿಲ್ಲ. ನಾನೇ ಬೇಡ ಅಂದೆನಲ್ಲ. ನಿನಗೆ ಹೇಗೆ ಗೊತ್ತಾಗಬೇಕು?"

ಅಷ್ಟು ಹೇಳಿ ನಕ್ಕರು. ಅವರು ವ್ಯಂಗ್ಯವಾಡಲಿಲ್ಲ, ಅದು ಅವರಿಗೆ ಬರುತ್ತಲೂ ಇರಲಿಲ್ಲ. ಎಲೆಯ ಮೇಲೆ ಅಡ್ಡ ಇಟ್ಟ ಕೈಗಳ ಬಗ್ಗೆ ನಾನು ಹೇಳಿದ್ದನ್ನೆಲ್ಲ ಮರೆತವರ ಹಾಗೆ ನಟಿಸಿ ನನಗೆ ದಾರಿ ಬಿಟ್ಟುಕೊಟ್ಟರು. ನಾನು ಆ ದಾರಿಯಲ್ಲೇ ಹೋದೆ. ಥ್ಯಾಂಕ್ಸ್ ಎಂದು ಬಾಗಿಲು ಹಾಕಿದೆ.

ಚೀಲದೊಳಗೆ ಎರಡು ಡಬ್ಬಿಗಳಿದ್ದವು. ದೊಡ್ಡದು ಹ್ಯಾಮಿನದು, ನನ್ನ ಆಫೀಸಿನವರಿಗೆ ಎಂದಿರಬೇಕು. ಚಿಕ್ಕದರ ಮೇಲೆ ಅಂಟಿಸಿದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಸಂಧ್ಯಾ, ಮಾಂಸ ಇಲ್ಲ' ಎಂದು ಬರೆದಿತ್ತು. ಚೀಸ್, ಹಸಿ ಈರುಳ್ಳಿ. ಅಂಚು ಒಣಗಿ ಮೇಲಕ್ಕೆ ಸುರುಟಿತ್ತು, ನಿನ್ನೆ ಮಧ್ಯಾಹ್ನದಿಂದ ತಟ್ಟೆಯಲ್ಲಿ ತೆರೆದು ಇಟ್ಟದ್ದು. ಚೀಟಿಯನ್ನೂ ತಟ್ಟೆಯಿಂದ ಕಿತ್ತು ಡಬ್ಬಿಗೆ ಅಂಟಿಸಿದ್ದರು, ಅಂಟು ಅರ್ಧ ಬಿಟ್ಟಿತ್ತು. ಅದು ಉಳಿದದ್ದಲ್ಲ. ನಾನು ಬರುತ್ತೇನೆ ಎಂದು ಶನಿವಾರವೇ ಬೇರೆ ಮಾಡಿ ತೆಗೆದಿಟ್ಟದ್ದು. ತಾಯಿ ಸತ್ತ ಮನೆಯಲ್ಲಿ, ಊರುಗೋಲಿನ ಮೇಲೆ ನಿಂತು, ಹ್ಯಾಮಿನ ಮಾಂಸ ಮುಟ್ಟಿದ ಚಾಕು ತಾಗದ ಹಾಗೆ.

ಚಿಕ್ಕ ಡಬ್ಬಿಯದನ್ನು ಎಲ್ಲವನ್ನೂ ತಿಂದೆ. ಸಿಂಕಿನ ಮುಂದೆ ನಿಂತೇ ತಿಂದೆ, ಒಂದು ಚೂರೂ ಬಿಡದೆ.

ಅಮ್ಮನ ಫೋನ್ ಬಂದದ್ದು ಸಂಜೆ ನಾಲ್ಕಕ್ಕೆ, ಅಲ್ಲಿ ರಾತ್ರಿ ಊಟಕ್ಕೆ ಮುಂಚೆ.

"ಹೋಗಿದ್ಯೇನೇ?"

"ಹೂಂ ಅಮ್ಮ, ಹೋಗಿದ್ದೆ."

"ಜನ ಬಂದಿದ್ರಾ?"

"ಬಂದಿದ್ರು. ಸುಮಾರು ಜನ."

"ಕಾಫಿ ತಗೊಂಡ್ಹೋಗಿದ್ಯಾ?"

"ತಗೊಂಡ್ಹೋಗಿದ್ದೆ. ಎಲ್ರೂ ಕುಡಿದ್ರು."

"ಒಳ್ಳೇದಾಯ್ತು ಬಿಡು. ಪರದೇಶದಲ್ಲಿ ಒಬ್ಬರಿಗೊಬ್ಬರು ಅಷ್ಟಾದ್ರೂ ಆಗ್ಬೇಕಲ್ಲ. ಅವರ ತಾಯಿ ಆತ್ಮಕ್ಕೂ ಸಮಾಧಾನ ಆಗಿರತ್ತೆ." ಅಮ್ಮನ ದನಿಯಲ್ಲಿ ಮಗಳ ಬಗ್ಗೆ ಹೆಮ್ಮೆಯಿತ್ತು. "ಬಂದು ತಲೆಗೆ ಸ್ನಾನ ಮಾಡಿದ್ಯಾ?"

"ಮಾಡಿದೆ ಅಮ್ಮ."

ಏಪ್ರಿಲ್‌ನಲ್ಲಿ ನನಗೆ ಎಷ್‌ಬಾರ್ನ್‌ನಲ್ಲಿ ಕೆಲಸ ಸಿಕ್ಕಿತು. ಪೆಟ್ಟಿಗೆ ಇಳಿಸಲು ಡೆಕ್ಲನ್ ಕುಂಟುತ್ತಲೇ ಬಂದರು. ಬೇಡ ಎಂದೆ. ಎರಡು ಸಲ ಬೇಡ ಎಂದೆ. ಮೂರನೆಯ ಸಲ ಹೇಳುವಷ್ಟರಲ್ಲಿ ಅವರು ಒಂದು ಪೆಟ್ಟಿಗೆ ಎತ್ತಿಕೊಂಡು ಅರ್ಧ ಮೆಟ್ಟಿಲು ಇಳಿದಿದ್ದರು. ಈಗ ಅವರು ಐರ್ಲೆಂಡಿನಲ್ಲೇ ಇದ್ದಾರೆ, ಅಣ್ಣನ ಮನೆಯ ಪಕ್ಕ. ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತದೆ, ಅಮ್ಮ ಹೇಗಿದ್ದಾರೆ ಎಂದು ತಪ್ಪದೆ ಕೇಳಿರುತ್ತಾರೆ. ಚೆನ್ನಾಗಿದ್ದಾರೆ ಎಂದು ಬರೆಯುತ್ತೇನೆ. ಅಮ್ಮ ಇಂದಿಗೂ ಬಂದವರ ಮುಂದೆ, ಜರ್ಮನಿಯಲ್ಲೂ ನನ್ನ ಮಗಳು ಸಾವಿನ ಮನೆಗೆ ಕಾಫಿ ತಗೊಂಡು ಹೋಗಿದ್ದಳು ಎಂದು ಹೇಳಿಕೊಳ್ಳುತ್ತಾಳೆ.

ಆ ಭಾನುವಾರ ಫೋನಿಟ್ಟ ಮೇಲೆ ನಾನು ಬಚ್ಚಲಿಗೆ ಹೋದೆ. ಅಮ್ಮನಿಗೆ ಹೇಳಿದ್ದರಲ್ಲಿ ಒಂದಾದರೂ ನಿಜವಾಗಲಿ ಎಂದು ಬಟ್ಟೆ ನೆನೆಹಾಕಿದೆ, ತಲೆಗೆ ನೀರು ಬಿಟ್ಟುಕೊಂಡೆ. ಆ ಎರಡು ದಿನಗಳಲ್ಲಿ ಮೊದಲ ಸಲ ಸದ್ದಿನ ಯೋಚನೆಯಿಲ್ಲದೆ ನಲ್ಲಿ ಪೂರ್ತಿ ತಿರುಗಿಸಿದ್ದೆ. ಬಿಸಿನೀರು ಮುಗಿಯುವವರೆಗೂ ನಿಂತಿದ್ದೆ, ಕಾಲಿಡದ ಮನೆಯ ಮೈಲಿಗೆ ತೊಳೆದುಕೊಳ್ಳುತ್ತ. ಬೆರಳುಗಳಿಂದ ಈರುಳ್ಳಿಯ ವಾಸನೆ ಮಾತ್ರ ಹೋಗಲಿಲ್ಲ.